‘ಪ್ರಾಉಸ್’ ಅಂದ್ರೆ ಪಳಗಿಸಿದ ಯುದ್ಧದ ಕುದುರೆಯಾ? ಗ್ರೀಕ್ ಗೊತ್ತಿರುವವರು ಹೇಳಿ

ನೇತ್ರಾವತಿ_ದಡ
ಎಲ್ಲರಿಗೂ ನಮಸ್ಕಾರ. ಒಂದು ಸಂಶಯ ಉಂಟು. ನಮ್ಮ ಚರ್ಚಿಗೆ ಹೊರಗಿನಿಂದ ಒಬ್ಬರು ಪ್ರಸಂಗ ಮಾಡ್ಲಿಕ್ಕೆ ಬಂದಿದ್ರು. ಮತ್ತಾಯ 5:5ರ ಮೇಲೆ. ‘ಶಾಂತರು ಧನ್ಯರು, ಅವರು ಭೂಮಿಗೆ ಬಾಧ್ಯರಾಗುವರು’ ಅಂತ ಇದೆಯಲ್ಲ, ಅದು. ‘ಶಾಂತರು’ ಅನ್ನುವಲ್ಲಿ ಗ್ರೀಕ್ ಮೂಲದಲ್ಲಿ ಇರುವುದು ಪ್ರಾಉಸ್ ಅಂತ ಶಬ್ದ, ಅದು ಸೈನ್ಯದವರ ಮಾತಂತೆ. ಗುಡ್ಡದಿಂದ ಕಾಡುಕುದುರೆ ಹಿಡಿದು ತಂದು, ಪಳಗಿಸಿ, ಯುದ್ಧಕ್ಕೆ ತಯಾರಾದ ಮೇಲೆ ‘ಇದು ಈಗ ಪ್ರಾಉಸ್ ಆಯ್ತು’ ಅಂತ ಹೇಳ್ತಿದ್ದರಂತೆ. ಹಾಗಾಗಿ ಸೌಮ್ಯತೆ ಅಂದ್ರೆ ಮೆತ್ತಗಿರುವುದಲ್ಲ, ಲಗಾಮು ಹಾಕಿದ ಶಕ್ತಿ ಅಂತ.

ಕೇಳ್ಲಿಕ್ಕೆ ಭಾರಿ ಲಾಯ್ಕಿತ್ತು ಮಾರಾಯ್ರೆ. ಮನೆಗೆ ಬಂದು ನೆಟ್ಟಲ್ಲಿ ಹುಡುಕಿದ್ರೆ ಎಲ್ಲಿ ನೋಡಿದ್ರೂ ಇದೇ ಕಥೆ. ಆದ್ರೆ ಯಾವ ಪುಸ್ತಕದಲ್ಲಿ, ಎಷ್ಟನೇ ಅಧ್ಯಾಯದಲ್ಲಿ ಉಂಟು ಅಂತ ಒಬ್ಬರೂ ಹೇಳುವುದಿಲ್ಲ. ‘ಕ್ಸೆನೊಫೋನ್ ಬರೆದಿದ್ದಾನೆ’ ಅಂತ ಮಾತ್ರ. ಇದು ನಿಜವಾ?

ಎಚ್ಆರ್_ಹೈರಾಣ
ಅಯ್ಯೋ, ಈ ಕುದುರೆ ನಮ್ಮ ಆಫೀಸಿಗೂ ಬಂದಿತ್ತು! ಲೀಡರ್‌ಶಿಪ್ ತರಬೇತಿ ಅಂತ ಇಡೀ ದಿನ ಕೂರಿಸಿದ್ರು, ಸ್ಲೈಡ್ ತುಂಬಾ ಕೇಸರ ಹಾರಿಸ್ಕೊಂಡು ಓಡೋ ಬಿಳಿ ಕುದುರೆ. ಆಮೇಲೆ ಅಪ್ರೈಸಲ್ ಮೀಟಿಂಗಲ್ಲಿ ನಮ್ಮ ಮ್ಯಾನೇಜರ್ ‘ನೀವು ಇನ್ನೂ ಸ್ವಲ್ಪ ಪ್ರಾಉಸ್ ಆಗ್ಬೇಕು’ ಅಂದ್ರು. ಅಂದ್ರೆ ಏನು, ಓವರ್‌ಟೈಮ್ ಬಗ್ಗೆ ಬಾಯಿ ಬಿಡ್ಬೇಡಿ ಅಂತ.

ಸುಮ್ಮನೆ_ಬಂದೆ
ಹುರುಳಿ ಆದ್ರೂ ಜಾಸ್ತಿ ಮಾಡಿದ್ರಾ?

ಅರ್ಧಪಂಡಿತ
@ನೇತ್ರಾವತಿ_ದಡ ಕುದುರೆ ಇರೋದು ನಿಜ. ಆದರೆ ಕಥೆ ತಲೆಕೆಳಗಾಗಿದೆ.

ಕ್ಸೆನೊಫೋನ್ ಅಥೆನ್ಸಿನವನು, ಕ್ರಿ.ಪೂ. 4ನೇ ಶತಮಾನದಲ್ಲಿ ಬರೆದವನು. ಕುದುರೆ ಸವಾರಿಯ ಬಗ್ಗೆ ಅವನದೊಂದು ಚಿಕ್ಕ ಪುಸ್ತಕ ಇದೆ. ಅದರ 2ನೇ ಅಧ್ಯಾಯದಲ್ಲಿ ಹೇಳ್ತಾನೆ: ಮರಿಯನ್ನು ಪಳಗಿಸುವವನ ಕೈಗೆ ಒಪ್ಪಿಸುವಾಗ ಅದು ಪ್ರಾಒಸ್ ಆಗಿರಬೇಕು, ಕೈಗೆ ಒಗ್ಗಿರಬೇಕು, ಮನುಷ್ಯರನ್ನು ಕಂಡರೆ ಇಷ್ಟಪಡುವಂತಿರಬೇಕು. ಅದಕ್ಕೆ ಉಪಾಯವನ್ನೂ ಕೊಡ್ತಾನೆ. ಹಸಿವು, ಬಾಯಾರಿಕೆ, ನೊಣದ ಕಾಟ ಎಲ್ಲ ಒಂಟಿಯಾಗಿದ್ದಾಗ ಬರೋದು. ಮೇವು, ನೀರು, ನೊಣದಿಂದ ಬಿಡುಗಡೆ ಮನುಷ್ಯರಿಂದ ಬರೋದು, ಹಾಗಂತ ಮರಿಗೆ ಅನ್ನಿಸುವಂತೆ ಲಾಯದ ಆಳು ನೋಡ್ಕೋಬೇಕು.

ಗಮನಿಸಿ, ತರಬೇತಿ ಶುರುವಾಗೋಕೆ ಮೊದಲೇ ಮರಿ ಪ್ರಾಒಸ್. ಅದು ಪದವಿ ಪ್ರದಾನ ಅಲ್ಲ, ಎಲ್‌ಕೆಜಿ ಅಡ್ಮಿಷನ್. ಯುದ್ಧಕ್ಕೆ ಕುದುರೆ ಕೊಳ್ಳೋದರ ಬಗ್ಗೆ ಅದೇ ಪುಸ್ತಕದ 3ನೇ ಅಧ್ಯಾಯದಲ್ಲಿದೆ. ಅಲ್ಲಿ ಕೇಳೋದು ಹಳ್ಳ ಹಾರುತ್ತಾ, ಗೋಡೆ ನೆಗೆಯುತ್ತಾ, ದಿಬ್ಬ ಹತ್ತಿ ಇಳಿಯುತ್ತಾ ಅಂತ. ಪ್ರಾಉಸ್ ಅನ್ನೋದು ಯುದ್ಧದ ಕುದುರೆಯ ಪಾರಿಭಾಷಿಕ ಪದ ಅಂತ ಅವನು ಎಲ್ಲೂ ಹೇಳಿಲ್ಲ. ಗುಡ್ಡದಿಂದ ಹಿಡಿದು ತಂದ ಕಾಡುಕುದುರೆ ಅಂತೂ ಪುಸ್ತಕದಲ್ಲೇ ಇಲ್ಲ, ಮರಿ ಮನೆ ಲಾಯದಲ್ಲಿ ಬೆಳೆದದ್ದು.

ಒತ್ತಕ್ಷರ
ಒಬ್ಬರು ಪ್ರಾಉಸ್ ಅಂತೀರಿ, ಇನ್ನೊಬ್ಬರು ಪ್ರಾಒಸ್ ಅಂತೀರಿ. ಯಾವುದು ಸರಿ?

ಅರ್ಧಪಂಡಿತ
ಎರಡೂ. ಅಥೆನ್ಸಿನ ಗದ್ಯದಲ್ಲಿ ಸಾಮಾನ್ಯವಾಗಿ ಪ್ರಾಒಸ್, ಗುಣವಾಚಕ ನಾಮಪದ ಪ್ರಾಒತೇಸ್. ಬೈಬಲಿನ ಗ್ರೀಕಿನಲ್ಲಿ ಪ್ರಾಉಸ್, ಪ್ರಾಉತೇಸ್. ಹಳೆಯ ಅಯೋನಿಯನ್ ಉಪಭಾಷೆಯ ರೂಪ ಪ್ರೇಉಸ್. ಒಂದೇ ಮರದ ಕೊಂಬೆಗಳು.

ಒತ್ತಕ್ಷರ
ಹಾಗಾದರೆ ದಯವಿಟ್ಟು ಯಾರೂ ‘ಪ್ರೌಸ್’ ಅಂತ ಬರೆಯಬೇಡಿ. ಗ್ರೀಕಿನಲ್ಲಿ ಉ ಮೇಲೆ ಎರಡು ಚುಕ್ಕೆ ಇಡೋದೇ ಬಿಡಿಸಿ ಓದಿ ಅಂತ. ‘ಪ್ರಾಓಟೀಸ್’ ಅಂತಲೂ ಬೇಡ. ನಮಗೆ ಎ-ಏ, ಒ-ಓ ಎರಡೂ ಇವೆ, ಗ್ರೀಕರಿಗೂ ಇದ್ದವು. ಹಿಂದಿಯವರು ಪರದಾಡಲಿ, ನಾವ್ಯಾಕೆ?

ಸುಮ್ಮನೆ_ಬಂದೆ
ಪ್ರಾಉಸ್ = ಪ್ರಿಯ. ಎಲ್ಲಾ ಸಂಸ್ಕೃತದಿಂದ ಹೋಗಿದ್ದೇ ಗುರು 😄

ಅರ್ಧಪಂಡಿತ
ಸಂಸ್ಕೃತದ ಪ್ರಿಯ, ಇಂಗ್ಲಿಷಿನ ಫ್ರೆಂಡ್ ಒಂದೇ ಬೇರಿನವು, ಅದು ಸರಿ. ಪ್ರಾಉಸನ್ನೂ ಅದೇ ಬೇರಿಗೆ ಕಟ್ಟಲು ನೋಡಿದವರಿದ್ದಾರೆ, ವಿದ್ವಾಂಸರೆಲ್ಲ ಒಪ್ಪಿಲ್ಲ. ಒಪ್ಪಿದರೂ ‘ಸಂಸ್ಕೃತದಿಂದ ಹೋಗಿದ್ದು’ ಅಂತ ಆಗಲ್ಲ. ಅಕ್ಕ ತಂಗಿಗೆ ಅಮ್ಮ ಆಗ್ತಾಳಾ?

ಗಿರ್ಮಿಟ್
ಕುದುರಿ ಬಿಟ್ಟು ಬ್ಯಾರೆ ಯಾವ ಪ್ರಾಣಿಗೂ ಈ ಶಬ್ದಾ ಹಚ್ಚಿಲ್ಲೇನ್ರೀ ಅವ್ರು?

ಅರ್ಧಪಂಡಿತ
@ಗಿರ್ಮಿಟ್ ಹಚ್ಚಿದ್ದಾರೆ, ಮಜಾ ಇರೋದೇ ಅಲ್ಲಿ. ಹೆಸಿಯಡ್ ಅಂತ ಬಹಳ ಹಳೆಯ ಕವಿ, ಕ್ರಿ.ಪೂ. 700ರ ಆಸುಪಾಸು, ಒಕ್ಕಲುತನದ ಕವಿ. ತಿಂಗಳಲ್ಲಿ ಯಾವ ದಿನ ಏನು ಮಾಡಿದರೆ ಒಳ್ಳೆಯದು ಅಂತ ಹೇಳ್ತಾ, ಇಂಥ ದಿನ ಕುರಿ, ಕೊಂಬು ಬಾಗಿದ ದನ, ಚೂಪು ಹಲ್ಲಿನ ನಾಯಿ, ಹೇಸರಗತ್ತೆ ಇವುಗಳ ಮೇಲೆ ಕೈ ಇಟ್ಟು ಪಳಗಿಸು ಅಂತಾನೆ. ಅಲ್ಲಿನ ಕ್ರಿಯಾಪದ ಇದೇ ಬೇರಿನದು, ಪ್ರೇಉನೇಯ್ನ್. ಪಟ್ಟಿಯಲ್ಲಿ ಹೇಸರಗತ್ತೆ ಇದೆ, ಕುದುರೆಯೇ ಇಲ್ಲ!

ಅರಿಸ್ಟಾಟಲ್ ಪ್ರಾಣಿಗಳ ಸ್ವಭಾವ ವಿಂಗಡಿಸುವಾಗ ಪ್ರಾಒಸ್ ಅನ್ನೋದಕ್ಕೆ ಕೊಟ್ಟ ಉದಾಹರಣೆ ಯಾವುದು ಗೊತ್ತಾ? ಎತ್ತು. ಸಿಟ್ಟು ಕಡಿಮೆ, ಹಟ ಇಲ್ಲ ಅಂತ. ಅದರ ಎದುರಿಗೆ ನಿಲ್ಲಿಸಿದ್ದು ಕಾಡುಹಂದಿ.

ಗಿರ್ಮಿಟ್
ಹಾಂ, ಈಗ ತಿಳೀತ ನೋಡ್ರಿ. ನಮ್ಮ ಕಡೆ ದನದ ಸಂತಿಯೊಳಗ ‘ಸಾಧು ಎತ್ತದರೀ, ಸಣ್ಣ ಹುಡುಗ್ರೂ ಹಿಡೀಬಹುದು’ ಅಂತಾರಲ್ಲ, ಅದೇ ಸಾಧು. ಹಾಯೂದಿಲ್ಲ, ಒದಿಯೂದಿಲ್ಲ. ಆದ್ರ ನೊಗಾ ಕೊಟ್ರ ಎರಡಾಳಿನ ಕೆಲಸ ಮಾಡತದ. ಇದನ್ನ ಹೇಳಾಕ ಯುದ್ಧದ ಕುದುರಿ ಯಾಕ ಬೇಕಾತು ಇವ್ರಿಗೆ?

ನೇತ್ರಾವತಿ_ದಡ
ನಮ್ಮ ಸತ್ಯವೇದದಲ್ಲಿ ಗಲಾತ್ಯ 5ರಲ್ಲಿ ಆತ್ಮದ ಫಲಗಳ ಪಟ್ಟಿಯಲ್ಲಿ ‘ಸಾಧುತ್ವ’ ಅಂತ ಉಂಟು. ಅಲ್ಲಿ ಗ್ರೀಕಲ್ಲಿ ಇರುವುದು ಇದೇ ಶಬ್ದವಾ?

ಅರ್ಧಪಂಡಿತ
ಹೌದು, ಪ್ರಾಉತೇಸ್. ಅನುವಾದ ಮಾಡಿದವರಿಗೆ ದನದ ಸಂತೆ ಗೊತ್ತಿತ್ತು ಅನ್ಸುತ್ತೆ.

ಕಾಫಿತೋಟ
ಪ್ರಾಣಿ ಅಂದ್ರಲ್ಲ, ಮೀನಿಗೂ ಈ ಪದ ಬಳಸಿದಾನೆ ಅಂತ ಓದಿದ ನೆನಪು?

ಅರ್ಧಪಂಡಿತ
ಅದೂ ಕ್ಸೆನೊಫೋನೇ. ಕ್ರಿ.ಪೂ. 401ರಲ್ಲಿ ಪರ್ಷಿಯಾದ ರಾಜಕುಮಾರ ಸೈರಸ್ ಅಣ್ಣನ ಮೇಲೆ ದಂಡೆತ್ತಿ ಹೋದಾಗ ಇವನೂ ಗ್ರೀಕ್ ಕೂಲಿ ಸೈನಿಕರ ಜೊತೆ ಹೋಗಿದ್ದ. ಉತ್ತರ ಸಿರಿಯಾದಲ್ಲಿ ಖಾಲುಸ್ ಅಂತ ಒಂದು ನದಿ ಸಿಕ್ತಂತೆ. ತುಂಬಾ ದೊಡ್ಡ ದೊಡ್ಡ, ‘ಪ್ರಾಉಸ್’ ಮೀನುಗಳು. ಅಲ್ಲಿನ ಜನ ಅವನ್ನು ದೇವರು ಅಂತ ನಂಬಿದ್ದರು, ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ. ಪಾರಿವಾಳಗಳನ್ನೂ ಅಷ್ಟೇ.

ಕಾಫಿತೋಟ
ಅಯ್ಯೋ ಇದು ಸೀದಾ ನಮ್ಮ ಶೃಂಗೇರಿ! ತುಂಗೆ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಹಾಕಿದ್ರೆ ಒಂದರ ಮೇಲೊಂದು ಬಿದ್ದು ಬರ್ತಾವಲ್ಲ. ಶಿಶಿಲದಲ್ಲೂ ಹಾಗೇ. ಮೀನು ಪ್ರಾಉಸ್ ಆಗಿದ್ದು ಯಾರೂ ಗಾಳ ಹಾಕದೆ ಇದ್ದಿದ್ದಕ್ಕೆ ಅಲ್ವಾ? ಅಂದ್ರೆ ಸೌಮ್ಯತೆ ಮೀನಿನದೋ ದಡದಲ್ಲಿರೋರದೋ?

ಸುಮ್ಮನೆ_ಬಂದೆ
ಈ ಪ್ರಶ್ನೆಗೆ ಪಿಎಚ್‌ಡಿ ಕೊಡ್ಬಹುದು.

ಬರ್ಲಿನ್_ಬಸಣ್ಣ
ಕುದುರೆ ವಕೀಲನಾಗಿ ಒಂದು ಮಾತು. ಗ್ರೀಕ್ ಕವಿ ಪಿಂಡಾರನ ಒಂದು ಪದ್ಯದಲ್ಲಿ ಪುರಾಣದ ವೀರ ಬೆಲೆರೊಫಾನ್ ರೆಕ್ಕೆಕುದುರೆ ಪೆಗಸಸನ್ನು ಹಿಡಿಯುವ ಕಥೆ ಬರುತ್ತೆ. ಅಥೆನಾ ದೇವಿ ಕನಸಿನಲ್ಲಿ ಚಿನ್ನದ ಲಗಾಮು ಕೊಡ್ತಾಳೆ. ಅಲ್ಲಿ ಇದೇ ಪದ ಇದೆ ಅಲ್ವಾ? ಅದೂ ಕ್ಸೆನೊಫೋನನಿಗೇ ಸಂಬಂಧಪಟ್ಟ ಪದ್ಯ ಅಂತ ನೆನಪು.

ಅರ್ಧಪಂಡಿತ
ಆ ಕ್ಸೆನೊಫೋನ್ ಬೇರೆ, ಕೊರಿಂಥದ ಓಟಗಾರ. ಕ್ರಿ.ಪೂ. 464ರ ಒಲಿಂಪಿಕ್ಸಿನಲ್ಲಿ ಓಟದ ಪಂದ್ಯವನ್ನೂ ಪೆಂಟಾಥ್ಲಾನನ್ನೂ ಒಂದೇ ಸಲ ಗೆದ್ದವನು. ಪಿಂಡಾರ್ ಪದ್ಯ ಕಟ್ಟಿದ್ದು ಅವನಿಗೆ. ಕುದುರೆ ಪುಸ್ತಕದ ಕ್ಸೆನೊಫೋನ್ ಆಗ ಹುಟ್ಟೇ ಇರಲಿಲ್ಲ.

ಪದ ಇರೋದು ನಿಜ. ಆದರೆ ಸರಿಯಾಗಿ ನೋಡಿ, ಬೆಲೆರೊಫಾನ್ ಕುದುರೆಯ ದವಡೆಗೆ ತೊಡಿಸಿದ್ದು ‘ಫಾರ್ಮಕೊನ್ ಪ್ರಾಉ’, ಸೌಮ್ಯವಾದ ಔಷಧ. ಪ್ರಾಉಸ್ ಆಗಿದ್ದು ಕುದುರೆ ಅಲ್ಲ ಸ್ವಾಮಿ, ಲಗಾಮು!

ಬರ್ಲಿನ್_ಬಸಣ್ಣ
ಇದು ಚೆನ್ನಾಗಿದೆ. ಲಗಾಮು ಹಾಕಿದ ಶಕ್ತಿ ಅಂತ ಪ್ರಸಂಗ ಮಾಡೋರು ಇದನ್ನ ಓದಿದ್ರೆ ಏನು ಮಾಡ್ತಾರೋ. ಆದ್ರೂ ಪ್ರಸಂಗದವರ ತಿರುಳು ಪೂರ್ತಿ ಸುಳ್ಳಲ್ಲ ಅಂತ ನನ್ನ ವಾದ. ಅರಿಸ್ಟಾಟಲನ ನೀತಿಶಾಸ್ತ್ರದಲ್ಲಿ ಪ್ರಾಒತೇಸ್ ಅಂದ್ರೆ ಸಿಟ್ಟೇ ಬರದಿರೋದು ಅಲ್ಲ. ಸಿಟ್ಟಿನ ವಿಷಯದಲ್ಲಿ ಹದ.

ಅರ್ಧಪಂಡಿತ
ಇದು ಒಪ್ಪಿದೆ. 4ನೇ ಸಂಪುಟ, 5ನೇ ಅಧ್ಯಾಯ. ಸಿಟ್ಟು ಬರಬೇಕಾದ ವಿಷಯಕ್ಕೆ, ಬರಬೇಕಾದವರ ಮೇಲೆ, ಬರಬೇಕಾದ ರೀತಿಯಲ್ಲಿ, ಬರಬೇಕಾದ ಹೊತ್ತಿಗೆ, ಇರಬೇಕಾದಷ್ಟು ಹೊತ್ತು ಬಂದರೆ ಅಂಥವನು ಹೊಗಳಿಕೆಗೆ ಯೋಗ್ಯ, ಅವನೇ ಪ್ರಾಒಸ್. ಅತಿಯಾದರೆ ಮುಂಗೋಪ. ಕೊರತೆಯಾದರೆ? ಅದಕ್ಕೆ ಸರಿಯಾದ ಹೆಸರೇ ಇಲ್ಲ ಅಂತ ಅವನೇ ಗೊಣಗಿ, ‘ಅಒರ್ಗೇಸಿಯ’, ಅಂದ್ರೆ ಸಿಟ್ಟಿಲ್ಲದಿರುವಿಕೆ, ಅಂತ ಒಂದನ್ನ ಹೊಂದಿಸ್ತಾನೆ. ಸಿಟ್ಟು ಬರಬೇಕಾದ ಕಡೆ ಬರದವನು ಪೆದ್ದ. ತನಗಾದ ಅವಮಾನ, ತನ್ನವರಿಗಾದ ಅವಮಾನ ನುಂಗಿಕೊಂಡು ಕೂರೋದು ಗುಲಾಮರ ಲಕ್ಷಣ ಅಂತಲೂ ಹೇಳ್ತಾನೆ.

ಆದರೂ ಒಂದು ಕೊಕ್ಕೆ ಇದೆ. ಈ ಪದ ನಿಜವಾಗಿ ನಡುವಿಗಿಂತ ಕೊರತೆಯ ಕಡೆಗೇ ವಾಲುತ್ತೆ, ಪ್ರಾಒಸ್ ಆದವನು ಸೇಡಿಗಿಂತ ಕ್ಷಮೆಗೇ ಹತ್ತಿರ ಅಂತ ಒಪ್ಪಿಕೊಳ್ತಾನೆ. ಅಂದರೆ ಬೀದಿಯಲ್ಲಿ ಜನ ಈ ಪದಾನ ‘ಮೆತ್ತಗಿರೋನು’ ಅನ್ನೋ ಅರ್ಥದಲ್ಲೇ ಬಳಸ್ತಿದ್ರು, ಇವನು ಅದನ್ನ ಎಳೆದು ತಂದು ನಡುವೆ ಕೂರಿಸಿದ.

ಎಚ್ಆರ್_ಹೈರಾಣ
ಅಂದ್ರೆ ಓವರ್‌ಟೈಮ್ ವಿಷಯಕ್ಕೆ, ಸರಿಯಾದ ಮ್ಯಾನೇಜರ್ ಮೇಲೆ, ಸರಿಯಾದ ಹೊತ್ತಿಗೆ ಸಿಟ್ಟು ಮಾಡ್ಕೊಂಡ ನಾನೇ ಪ್ರಾಒಸ್! ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡೆ.

ಗಿರ್ಮಿಟ್
ಯಾರರ ಬಸವಣ್ಣನವರ ಸಿಟ್ಟಿನ ವಚನಾ ಹಾಕೇ ಹಾಕ್ತಾರ ಅಂತ ಕಾಯಾಕತ್ತೇನಿ.

ಒತ್ತಕ್ಷರ
ಹಾಕಬೇಡಿ, ಎಳೆ ದಾರಿ ತಪ್ಪುತ್ತೆ.

ಕಾಫಿತೋಟ
ಅರಿಸ್ಟಾಟಲ್ ನಾಯಿ ಬಗ್ಗೆನೂ ಏನೋ ಹೇಳಿದಾನಲ್ಲ?

ಅರ್ಧಪಂಡಿತ
ಭಾಷಣಕಲೆಯ ಪುಸ್ತಕದಲ್ಲಿ, 2ನೇ ಸಂಪುಟ. ಸಿಟ್ಟಿಗೆ ವಿರುದ್ಧವಾದದ್ದು ಶಾಂತವಾಗೋದು ಅಂತ ವಿವರಿಸ್ತಾ, ತಗ್ಗಿದವರ ಮೇಲೆ ಸಿಟ್ಟು ಇಳಿಯುತ್ತೆ ಅನ್ನೋದಕ್ಕೆ ನಾಯಿಗಳೇ ಸಾಕ್ಷಿ, ಕೂತವರನ್ನು ಅವು ಕಚ್ಚಲ್ಲ ಅಂತಾನೆ. ಪ್ಲೇಟೊಗೂ ನಾಯಿಯೇ ಬೇಕಾಯ್ತು. ಆದರ್ಶ ರಾಜ್ಯದ ಕಾವಲುಗಾರರು ತಮ್ಮವರಿಗೆ ಪ್ರಾಒಸ್, ವೈರಿಗಳಿಗೆ ಉಗ್ರ ಆಗಿರಬೇಕು, ಒಬ್ಬನಲ್ಲೇ ಎರಡೂ ಹೇಗೆ ಸಾಧ್ಯ ಅಂತ ಸಾಕ್ರಟೀಸ್ ತಲೆ ಕೆರ್ಕೊಂಡು, ಒಳ್ಳೆ ಜಾತಿ ನಾಯಿ ಹಾಗೇ ಇರುತ್ತಲ್ಲ ಅಂತ ಸಮಾಧಾನ ಮಾಡ್ಕೊಳ್ತಾನೆ. ಪರಿಚಯದವರನ್ನು ಕಂಡರೆ ಬಾಲ, ಹೊಸಬರನ್ನು ಕಂಡರೆ ಹಲ್ಲು.

ಎಚ್ಆರ್_ಹೈರಾಣ
ರಾತ್ರಿ ಹನ್ನೆರಡಕ್ಕೆ ಕ್ಯಾಬ್ ಇಳಿದು ನಮ್ಮ ಬೀದೀಲಿ ಕೂತ್ಕೊಂಡು ತೋರಿಸ್ಲಿ ಅರಿಸ್ಟಾಟಲ್. ನಮ್ಮ ನಾಯಿಗಳು ಅವನ ಪುಸ್ತಕ ಓದಿಲ್ಲ.

ಬರ್ಲಿನ್_ಬಸಣ್ಣ
ಹೋಮರನ ನಾಯಿಗಳೂ ಓದಿರಲಿಲ್ಲ. ಒಡಿಸ್ಸಿಯ 14ನೇ ಸರ್ಗದಲ್ಲಿ ಒಡಿಸ್ಯೂಸ್ ಹಂದಿ ಕಾಯುವವನ ಗುಡಿಸಲಿಗೆ ಬಂದಾಗ ನಾಯಿಗಳು ಬೊಗಳಿ ಮುತ್ತಿಕೊಳ್ತಾವೆ. ಅವನು ಜಾಣ, ಕೋಲು ಬಿಟ್ಟು ನೆಲಕ್ಕೆ ಕೂತ. ಆದರೂ ಹಂದಿ ಕಾಯುವವನು ಓಡಿ ಬಂದು ಕಲ್ಲು ಬೀಸದಿದ್ದರೆ ಗತಿ ನೆಟ್ಟಗಿರ್ತಿರಲಿಲ್ಲ ಅಂತ ಕವಿಯೇ ಹೇಳ್ತಾನೆ. ಹೋಮರನಲ್ಲಿ ಇನ್ನೊಂದು ವಿಷಯ, ಸೌಮ್ಯ ದೊರೆಯನ್ನು ಹೊಗಳುವಾಗ ಅವನು ಪ್ರಾಉಸ್ ಅನ್ನಲ್ಲ, ‘ಏಪಿಒಸ್’ ಅಂತಾನೆ, ತಂದೆಯ ಹಾಗೆ ಏಪಿಒಸ್ ಆಗಿದ್ದ ಅಂತ.

ನೇತ್ರಾವತಿ_ದಡ
ಪ್ರಾಣಿ, ತತ್ವ ಸರಿ. ನಿಜವಾದ ಮನುಷ್ಯರಲ್ಲಿ ಯಾರನ್ನ ಹಾಗೆ ಕರೆದಿದ್ರು?

ಅರ್ಧಪಂಡಿತ
ಪೆರಿಕ್ಲೀಸ್, ಅಥೆನ್ಸಿನ ನಾಯಕ. ಪ್ಲೂಟಾರ್ಕ್ ಬರೆದ ಅವನ ಜೀವನಚರಿತ್ರೆಯಲ್ಲಿದೆ. ಯಾವನೋ ಒಬ್ಬ ಸಂತೆಮಾಳದಲ್ಲಿ ದಿನವಿಡೀ ಇವನನ್ನು ಬಾಯಿಗೆ ಬಂದ ಹಾಗೆ ಬೈದ. ಇವನು ತನ್ನ ಪಾಡಿಗೆ ಕೆಲಸ ಮುಗಿಸಿ ಸಂಜೆ ಮನೆಗೆ ಹೊರಟರೆ ಅವನೂ ಬೈಕೊಂಡೇ ಹಿಂದೆ ಬಂದ, ಬಾಗಿಲವರೆಗೂ. ಕತ್ತಲಾಗಿತ್ತು. ಪೆರಿಕ್ಲೀಸ್ ತನ್ನ ಆಳನ್ನು ಕರೆದು, ದೀವಟಿಗೆ ಹಿಡಿದು ಇವನನ್ನು ಮನೆ ಮುಟ್ಟಿಸಿ ಬಾ ಅಂದ.

ಇನ್ನೊಂದು ಕಥೆ ಅಥೆನ್ಸಿನ ಆಡಳಿತ ವ್ಯವಸ್ಥೆಯ ಬಗ್ಗೆ ಅರಿಸ್ಟಾಟಲನ ಹೆಸರಿನಲ್ಲಿರುವ ಪುಸ್ತಕದ್ದು. ಈಜಿಪ್ಟಿನ ಪಪೈರಸ್ ಸುರುಳಿಗಳಲ್ಲಿ ಸಿಕ್ಕಿ 1891ರಲ್ಲಿ ಅಚ್ಚಾಯ್ತು. ಅದರಲ್ಲಿ ಸರ್ವಾಧಿಕಾರಿ ಪೈಸಿಸ್ಟ್ರಾಟಸ್‌ನನ್ನು ಪ್ರಾಒಸ್ ಅಂತ ಕರೀತಾನೆ, ತಪ್ಪು ಮಾಡಿದವರನ್ನು ಕ್ಷಮಿಸುವವನು ಅಂತ. ಅವನು ಒಮ್ಮೆ ಹುಮೆಟ್ಟಸ್ ಬೆಟ್ಟದ ಕಡೆ ಹೋದಾಗ ಒಬ್ಬ ರೈತ ಬರೀ ಕಲ್ಲು ಅಗೀತಿದ್ದ. ಈ ಹೊಲದಲ್ಲಿ ಏನು ಬೆಳೆಯುತ್ತೆ ಅಂತ ಆಳಿನ ಕೈಲಿ ಕೇಳಿಸಿದ. ಯಾರು ಕೇಳಿಸ್ತಿರೋದು ಅಂತ ರೈತನಿಗೆ ಗೊತ್ತಿಲ್ಲ. ‘ನೋವು, ಸಂಕಟ ಬೆಳೆಯುತ್ತೆ. ಅದರಲ್ಲೂ ಹತ್ತರಲ್ಲಿ ಒಂದು ಪಾಲು ಪೈಸಿಸ್ಟ್ರಾಟಸ್ ತಗೋಬೇಕು’ ಅಂದ. ಆ ಮಾತಿಗೂ ಆ ದುಡಿಮೆಗೂ ಮೆಚ್ಚಿ ಅವನಿಗೆ ಎಲ್ಲ ತೆರಿಗೆ ಮಾಫಿ ಮಾಡಿದನಂತೆ.

ಗಿರ್ಮಿಟ್
ಒಬ್ಬಾಂವಂದು ಮಾಫಿ ಆತು. ಬಾಜೂ ಹೊಲದಾಂವಂದು? ಅಂವಾ ನಗಿಚಾಟಿಕಿ ಮಾತಾಡಲಿಲ್ಲ ಅಂತ ತೆರಿಗಿ ಕಟ್ಟಬೇಕೇನು? ಸೌಮ್ಯ ಸರ್ವಾಧಿಕಾರಿ ಅಂದ್ರ ಇದ ನೋಡ್ರಿ.

ಉಷಾಕಾಲ
ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ. ನಿಮ್ಮ ಪೆರಿಕ್ಲೀಸ್ ಕಥೆಯಲ್ಲಿ ಕತ್ತಲಲ್ಲಿ ದೀವಟಿಗೆ ಹಿಡಿದು ನಡೆದವನು ಯಾರು? ಆಳು. ಅವನಿಗೆ ಸಿಟ್ಟು ಬಂದಿತ್ತಾ ಅಂತ ಯಾರಾದ್ರೂ ಬರೆದಿದ್ದಾರಾ? ಪ್ರಾಒತೇಸ್ ಅನ್ನೋದು ಸಿಟ್ಟು ಮಾಡ್ಕೊಳ್ಳೋ ಹಕ್ಕಿರೋರ ಗುಣ. ಹೊಡೀಬಹುದಿತ್ತು, ಹೊಡೀಲಿಲ್ಲ, ಅದಕ್ಕೆ ಹೊಗಳಿಕೆ. ಅವಮಾನ ನುಂಗೋದು ಗುಲಾಮರ ಲಕ್ಷಣ ಅಂತ ಅರಿಸ್ಟಾಟಲೇ ಅಂದನಲ್ಲ. ಗುಲಾಮ ನುಂಗದೆ ಇದ್ರೆ ಏನಾಗ್ತಿತ್ತು?

‘ಅಥೆನ್ಸಿನ ಜನರ ಎಂದಿನ ಸೌಮ್ಯತೆ’ ಅನ್ನೋ ಮಾತೂ ಅದೇ 1891ರ ಪುಸ್ತಕದಲ್ಲಿದೆ. ಆ ಸೌಮ್ಯ ಜನವೇ ಕ್ರಿ.ಪೂ. 416ರಲ್ಲಿ ಮೇಲೋಸ್ ದ್ವೀಪಕ್ಕೆ ಮುತ್ತಿಗೆ ಹಾಕಿ, ಶರಣಾದ ಮೇಲೆ ಗಂಡಸರನ್ನೆಲ್ಲ ಕೊಂದು ಹೆಂಗಸರು ಮಕ್ಕಳನ್ನು ಮಾರಿದ್ದು. ಮೇಲೋಸಿನವರು ಕೂತಿದ್ರೂ ಇವರು ಕಚ್ಚಿದ್ರು.

ಇನ್ನು ಆ ಕುದುರೆ ಮರಿ. ಪ್ರಾಒಸ್ ಜೊತೆಗೆ ‘ಕೈಗೆ ಒಗ್ಗಿದ’ ಅಂತ ಇನ್ನೊಂದು ಪದ ಹೇಳಿದ್ರಲ್ಲ ಅರ್ಧಪಂಡಿತರು, ಗ್ರೀಕಲ್ಲಿ ಖೇಯ್ರೊಏಥೇಸ್. ಕ್ಸೆನೊಫೋನ್ ಅದೇ ಪದ ಇನ್ನೊಂದು ಪುಸ್ತಕದಲ್ಲಿ, ಮನೆವಾರ್ತೆಯ ಬಗ್ಗೆ ಬರೆದದ್ದರಲ್ಲಿ, ಯಾರಿಗೆ ಬಳಸಿದ್ದಾನೆ ನೋಡಿ. ಹೆಂಡತಿಗೆ. ಇಸ್ಕೊಮಾಕಸ್ ಅನ್ನೋನು ಹೇಳ್ತಾನೆ, ಮದುವೆಯಾದಾಗ ಅವಳಿಗೆ ಹದಿನೈದು ತುಂಬಿರಲಿಲ್ಲ, ಕೈಗೆ ಒಗ್ಗಿ, ಮಾತಾಡಿಸುವಷ್ಟು ಪಳಗಿದ ಮೇಲೆ ಕೇಳಿದೆ ಅಂತ. ಕುದುರೆ ಲಾಯದಿಂದ ಅಡುಗೆಮನೆಗೆ ಒಂದೇ ಪದ.

ಹೊಸ ಒಡಂಬಡಿಕೆಯಲ್ಲಿ ಪ್ರಾಉಸ್ ಅನ್ನೋ ವಿಶೇಷಣ ಇರೋದೇ ನಾಲ್ಕು ಕಡೆ. ಮೂರು ಮತ್ತಾಯನಲ್ಲಿ. ನಾಲ್ಕನೇದು 1 ಪೇತ್ರ 3:4. ಯಾರಿಗೆ ಹೇಳಿದ್ದು? ಹೆಂಡತಿಯರಿಗೆ. ಪ್ರಾಉಸ್ ಆದ, ಸದ್ದಿಲ್ಲದ ಮನಸ್ಸೇ ನಿಮ್ಮ ಒಡವೆ ಅಂತ. ಗಂಡಸರಿಗೆ ಪ್ರಸಂಗ ಮಾಡುವಾಗ ಮಾತ್ರ ಅದು ಯುದ್ಧದ ಕುದುರೆ ಆಗುತ್ತೆ, ಅಲ್ವಾ?

ಸುಮ್ಮನೆ_ಬಂದೆ
👏👏

ನೇತ್ರಾವತಿ_ದಡ
ಇದು ನಾನು ಯೋಚನೆ ಮಾಡಿದ್ದೇ ಇಲ್ಲ. ಆದ್ರೆ ಯೇಸುವೇ ತನ್ನ ಬಗ್ಗೆ ‘ನಾನು ಸಾತ್ವಿಕನು’ ಅಂತ ಹೇಳಿದ್ದೂ ಇದೇ ಶಬ್ದ ಅಲ್ಲವಾ, ಮತ್ತಾಯ 11:29?

ಹಳೇ_ಒಡಂಬಡಿಕೆ
ಇದೇ ಶಬ್ದ. ಕತ್ತೆ ಮೇಲೆ ಕೂತು ಯೆರೂಸಲೇಮಿಗೆ ಬಂದಾಗ ಮತ್ತಾಯ 21:5ರಲ್ಲಿ ಇರೋದೂ ಇದೇ. ಅದು ಜೆಕರ್ಯನ ಪ್ರವಾದನೆ. ಅಲ್ಲಿ ಮುಂದಿನ ವಚನ ಓದಿ, ಯೆರೂಸಲೇಮಿನಿಂದ ಕುದುರೆಗಳನ್ನು ತೆಗೆದುಹಾಕ್ತೀನಿ ಅಂತ ಇದೆ! ಇಡೀ ಬೈಬಲಿನಲ್ಲಿ ಪ್ರಾಉಸ್ ಅನ್ನೋದು ಕುದುರೆ ಹತ್ತಿರ ಬಂದಿದ್ದು ಅಲ್ಲೊಂದೇ ಕಡೆ ಅಂದ್ರೂ ಆದೀತು, ಅದೂ ಕುದುರೆ ಬೇಡ ಅಂತ.

ಎಲ್ಲರೂ ಅಥೆನ್ಸಲ್ಲೇ ಸುತ್ತಾಡ್ತಿದ್ದೀರಿ. ಮತ್ತಾಯ 5:5 ಅರಿಸ್ಟಾಟಲನಿಂದ ಬಂದಿದ್ದಲ್ಲ, ಕೀರ್ತನೆ 37:11ರಿಂದ ಬಂದಿದ್ದು. ಹೀಬ್ರೂನಲ್ಲಿ ಅಲ್ಲಿರೋದು ಅನಾವೀಮ್. ತುಳಿತಕ್ಕೆ ಒಳಗಾದವರು, ಬಗ್ಗಿಸಲ್ಪಟ್ಟವರು, ದೇವರನ್ನು ಬಿಟ್ಟು ಗತಿಯಿಲ್ಲದವರು. ಗ್ರೀಕಿಗೆ ಅನುವಾದ ಮಾಡಿದ ಯೆಹೂದ್ಯರು ಅದಕ್ಕೆ ಪ್ರಾಉಸ್ ಹಾಕಿದ್ರು, ಕೆಲವು ಕಡೆ ಅದೇ ಹೀಬ್ರೂ ಪದಕ್ಕೆ ‘ಬಡವ’ ಅಂತಲೂ ಹಾಕಿದ್ದಾರೆ. ಕನ್ನಡ ಸತ್ಯವೇದ ತೆಗೆದು ನೋಡಿ, ಕೀರ್ತನೆಯಲ್ಲಿ ‘ದೀನರು’, ಮತ್ತಾಯದಲ್ಲಿ ‘ಶಾಂತರು’. ಒಂದು ಹೀಬ್ರೂನಿಂದ ಬಂತು, ಇನ್ನೊಂದು ಗ್ರೀಕಿನಿಂದ.

ಆ ಕೀರ್ತನೆ ಪೂರ್ತಿ ಓದಿದ್ರೆ ಅದರ ವಿಷಯವೇ ಜಮೀನು. ದುಷ್ಟರು ಬಿಲ್ಲು ಬಗ್ಗಿಸಿ ಬಡವರನ್ನು ಬೀಳಿಸ್ತಾರೆ, ಅವರ ಏಳಿಗೆ ನೋಡಿ ಉರ್ಕೋಬೇಡ, ಕೊನೆಗೆ ದೇಶ ಅನುಭವಿಸೋರು ಇವರೇ ಅಂತ ಮತ್ತೆ ಮತ್ತೆ ಬರುತ್ತೆ. ಮೃತ ಸಮುದ್ರದ ಹತ್ತಿರ ಕುಮ್ರಾನಿನ ಗುಹೆಗಳಲ್ಲಿ ಸಿಕ್ಕ ಯೆಹೂದ್ಯ ಪಂಗಡವೊಂದರ ಸುರುಳಿಗಳಲ್ಲಿ ಈ ಕೀರ್ತನೆಗೆ ಒಂದು ವ್ಯಾಖ್ಯಾನ ಇದೆ. ಆ ಪಂಗಡದವರು ಅನಾವೀಮ್ ಅಂದ್ರೆ ‘ಬಡವರ ಸಭೆ’, ಅಂದ್ರೆ ನಾವೇ, ಅಂತ ಅರ್ಥ ಮಾಡಿಕೊಂಡಿದ್ರು.

ಭೂಮಿ ಕಳ್ಕೊಂಡವರಿಗೆ ಭೂಮಿ ಸಿಗುತ್ತೆ ಅಂತ ಹೇಳಿದ ಮಾತನ್ನ, ಬಲಿಷ್ಠರೇ ನೀವು ಹದವಾಗಿದ್ರೆ ಭೂಮಿ ನಿಮ್ಮದೇ ಅಂತ ತಿರುಗಿಸಿದ್ದು ಈ ಕುದುರೆ ಕಥೆ. ನನಗೆ ಸಿಟ್ಟು ಬರೋದು ಅಲ್ಲಿ.

ಬರ್ಲಿನ್_ಬಸಣ್ಣ
ಮೋಶೆ? ಅರಣ್ಯಕಾಂಡ 12:3ರಲ್ಲಿ ಭೂಮಿ ಮೇಲಿನ ಎಲ್ಲರಿಗಿಂತ ಹೆಚ್ಚು ಪ್ರಾಉಸ್ ಅವನು ಅಂತಿದೆ. ಮೋಶೆ ಭೂಮಿ ಕಳ್ಕೊಂಡ ಬಡವನಾ? ಜನನಾಯಕ, ಐಗುಪ್ತದವನನ್ನು ಹೊಡೆದು ಕೊಂದವನು, ಸಿಟ್ಟಲ್ಲಿ ಕಲ್ಲಿನ ಹಲಗೆ ಒಡೆದವನು. ಇಲ್ಲಿ ‘ಹದಕ್ಕೆ ಬಂದ ಶಕ್ತಿ’ ಅಂದ್ರೆ ತಪ್ಪೇನು?

ಹಳೇ_ಒಡಂಬಡಿಕೆ
ಆ ವಚನ ಬರೋ ಸಂದರ್ಭ ನೋಡಿ. ಸ್ವಂತ ಅಕ್ಕ, ಅಣ್ಣ ಸೇರಿ ಅವನ ಮೇಲೆ ದೂರು ಹೇಳ್ತಿದ್ದಾರೆ. ಅವನು ತನ್ನ ಪರವಾಗಿ ಒಂದು ಮಾತೂ ಆಡಲ್ಲ, ದೇವರೇ ಮಾತಾಡ್ತಾನೆ. ಅಕ್ಕ ಮಿರ್ಯಾಮಳಿಗೆ ಶಿಕ್ಷೆಯಾದಾಗ ಅವಳನ್ನು ವಾಸಿಮಾಡು ಅಂತ ಬೇಡ್ಕೊಳ್ಳೋದಕ್ಕೆ ಬಾಯಿ ಬಿಡ್ತಾನೆ ಅಷ್ಟೇ.

ಬರ್ಲಿನ್_ಬಸಣ್ಣ
ಅದನ್ನೇ ನಾನೂ ಹೇಳಿದ್ದು! ಮಾಡೋ ಶಕ್ತಿ ಇದ್ದೂ ಮಾಡಲಿಲ್ಲ.

ಹಳೇ_ಒಡಂಬಡಿಕೆ
ಇಲ್ಲ, ನ್ಯಾಯ ದೇವರ ಕೈಗೆ ಬಿಟ್ಟ. ಎರಡೂ ಬೇರೆ.

ಉಷಾಕಾಲ
@ಬರ್ಲಿನ್_ಬಸಣ್ಣ ನಿಮ್ಮ ವಾದಕ್ಕೆ ಮೋಶೆಗಿಂತ ಪೌಲ ವಾಸಿ. 1 ಕೊರಿಂಥ 4:21, ‘ಬೆತ್ತ ಹಿಡ್ಕೊಂಡು ಬರಲೋ, ಪ್ರೀತಿಯಿಂದ, ಪ್ರಾಉತೇಸ್ ಮನಸ್ಸಿಂದ ಬರಲೋ’ ಅಂತ ಕೇಳ್ತಾನೆ. ಬೆತ್ತ ಕೈಯಲ್ಲಿರೋನ ಸೌಮ್ಯತೆ ಅಂದ್ರೆ ಅದು. ಪ್ರಸಂಗದವರು ಅದನ್ನ ಎತ್ಕೊಂಡಿದ್ರೆ ಕುದುರೆನ ತೊಂದರೆ ಮಾಡೋದೇ ಬೇಡವಾಗಿತ್ತು. ಆದ್ರೆ ಮತ್ತಾಯ 5:5ಕ್ಕೆ ಅದನ್ನ ಅಂಟಿಸೋಕೆ ನಾನು ಬಿಡಲ್ಲ.

ಒತ್ತಕ್ಷರ
2 ಕೊರಿಂಥ 10:1ರಲ್ಲಿ ಕ್ರಿಸ್ತನ ಪ್ರಾಉತೇಸ್ ಜೊತೆಗೆ ‘ಎಪಿಏಕೇಯ’ ಅಂತ ಇನ್ನೊಂದಿದೆ. ಅದೂ ಸೌಮ್ಯತೆಯೇ?

ಅರ್ಧಪಂಡಿತ
ಅಕ್ಕಪಕ್ಕದ ಮನೆ. ಎಪಿಏಕೇಯ ಅಂದ್ರೆ ಕಾನೂನನ್ನು ಅಕ್ಷರಕ್ಕೆ ಅಕ್ಷರ ಎಳೆಯದೆ ಇರೋದು. ಅರಿಸ್ಟಾಟಲ್ ನೀತಿಶಾಸ್ತ್ರದ 5ನೇ ಸಂಪುಟದಲ್ಲಿ ಲೆಸ್ಬೋಸ್ ದ್ವೀಪದ ಕಟ್ಟಡ ಕೆಲಸದವರ ಸೀಸದ ಅಳತೆಪಟ್ಟಿಯನ್ನು ನೆನೀತಾನೆ. ಕಲ್ಲು ಹೇಗಿದೆಯೋ ಹಾಗೆ ಪಟ್ಟಿ ಬಾಗುತ್ತೆ. ಕಾನೂನು ಎಲ್ಲರಿಗೂ ಒಂದೇ ಅಂತ ಬರೆದಿರುತ್ತೆ, ಪ್ರಕರಣಗಳು ಒಂದೇ ಥರ ಇರಲ್ಲ, ಆಗ ಬಾಗಬೇಕು. ಇದಕ್ಕೆ ವೈರಿಗಳೂ ಇದ್ರು. ಕ್ರಿ.ಪೂ. 427ರಲ್ಲಿ ಅಥೆನ್ಸಿನ ವಿರುದ್ಧ ದಂಗೆ ಎದ್ದ ಮಿಟಿಲೀನ್ ಊರಿನ ಗಂಡಸರನ್ನೆಲ್ಲ ಕೊಲ್ಲಬೇಕು ಅಂತ ವಾದಿಸಿದ ಅಥೆನ್ಸಿನ ಮುಖಂಡ ಕ್ಲಿಯಾನ್, ಸಾಮ್ರಾಜ್ಯಕ್ಕೆ ಮೂರು ಕೇಡು ಅಂದ: ಕನಿಕರ, ಸೊಗಸಾದ ಮಾತಿನ ಚಟ, ಈ ಎಪಿಏಕೇಯ.

ಗಿರ್ಮಿಟ್
ಕೊಂದ್ರೇನು?

ಅರ್ಧಪಂಡಿತ
ಎಲ್ಲರನ್ನೂ ಇಲ್ಲ. ಮೊದಲ ದಿನ ಕೊಲ್ಲಿ ಅಂತ ಹಡಗು ಕಳಿಸಿದ್ರು, ಮರುದಿನ ಮನಸ್ಸು ಬದಲಾಯ್ತು, ಹಿಂದೆಯೇ ಇನ್ನೊಂದು ಹಡಗು ಓಡಿಸಿದ್ರು. ಎರಡನೇದು ಕೊನೇ ಗಳಿಗೆಯಲ್ಲಿ ಹೋಗಿ ಮುಟ್ಟಿತು. ಹುಟ್ಟು ಹಾಕುತ್ತಲೇ ಹಿಟ್ಟು ತಿಂದ್ರಂತೆ ನಾವಿಕರು. ಆದರೂ ದಂಗೆಯ ಮುಂದಾಳುಗಳನ್ನು ಬಿಡಲಿಲ್ಲ.

ಕಾಫಿತೋಟ
ಈಜಿಪ್ಟಿನ ಪಪೈರಸ್ ಅಂದಾಗಿಂದ ಕೇಳ್ಬೇಕು ಅಂತಿದ್ದೆ. ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತು ಇದೆ ಅಂತಾರಲ್ಲ, ಅದರಲ್ಲಿ ಈ ಪದ ಇದೆಯಾ?

ಬರ್ಲಿನ್_ಬಸಣ್ಣ
ಶುರುವಾಯ್ತು.

ಒತ್ತಕ್ಷರ
413ನೇ ನಂಬರಿನ ಪಪೈರಸ್, ಖರಿಟಿಯೊನ್ ಅನ್ನೋ ಹುಡುಗಿಯ ಕಥೆ. ಅದರಲ್ಲಿನ ‘ಅನಾಗರಿಕರ’ ಮಾತು ಕನ್ನಡ ಅಂತ ಜರ್ಮನ್ ವಿದ್ವಾಂಸ ಹುಲ್ಟ್ಜ್ 1904ರಲ್ಲಿ ವಾದಿಸಿದ್ದು. ಒಪ್ಪೋರೂ ಇದ್ದಾರೆ, ಒಪ್ಪದೋರೂ ಇದ್ದಾರೆ. ಅದಕ್ಕೆ ಬೇರೆ ಎಳೆ ತೆರೀರಿ, ಇಲ್ಲಿ ಆ ಜಗಳ ತಂದ್ರೆ ಯಾರೂ ಪ್ರಾಉಸ್ ಆಗಿ ಉಳಿಯಲ್ಲ.

ಗಿರ್ಮಿಟ್
ಅರ್ಧಪಂಡಿತರ, ಹೋಗೂ ಮುಂದ ಒಂದು. ಹದಾ ಇದ್ದಾಂವ ಪ್ರಾಒಸ್ ಆದ. ಹದಾ ತಪ್ಪಿದವರಿಗೆ ಅರಿಸ್ಟಾಟಲ್ ಏನೇನ್ ಹೆಸರಿಟ್ಟಾನ?

ಅರ್ಧಪಂಡಿತ
ನಾಲ್ಕು ಜಾತಿ.

ಒಂದು, ಮುಂಗೋಪಿ. ತಟ್ಟನೆ ಸಿಟ್ಟು, ಯಾರ ಮೇಲೆ ಬೇಕಾದ್ರೂ, ಆದರೆ ಬೇಗ ಇಳಿಯುತ್ತೆ. ಇವರಲ್ಲಿ ಒಳ್ಳೇದೇ ಅದು ಅಂತಾನೆ, ಮನಸ್ಸಲ್ಲಿ ಇಟ್ಕೊಳ್ಳಲ್ಲ.

ಎರಡು, ‘ಅಕ್ರಾಖೊಲೊಸ್’. ಎಲ್ಲದಕ್ಕೂ, ಎಲ್ಲರ ಮೇಲೂ, ಯಾವಾಗಲೂ.

ಮೂರು, ‘ಪಿಕ್ರೊಸ್’, ಅಂದ್ರೆ ಕಹಿ ಮನುಷ್ಯ. ಒಳಗೇ ಇಟ್ಕೊಂಡು ಕುದೀತಾನೆ. ಹೊರಗೆ ಕಾಣಲ್ಲ, ಹಾಗಾಗಿ ಯಾರೂ ಸಮಾಧಾನ ಮಾಡೋಕೂ ಆಗಲ್ಲ. ಒಳಗೊಳಗೇ ಅರಗೋಕೆ ಬಹಳ ಕಾಲ ಬೇಕು. ತನಗೂ ತನ್ನ ಹತ್ತಿರದವರಿಗೂ ಇವನೇ ಅತಿ ದೊಡ್ಡ ಕಾಟ.

ನಾಲ್ಕು, ‘ಖಲೆಪೊಸ್’. ಬೇಡದ್ದಕ್ಕೆ, ಬೇಕಾದ್ದಕ್ಕಿಂತ ಹೆಚ್ಚು, ಬೇಕಾದ್ದಕ್ಕಿಂತ ದೀರ್ಘ ಸಿಟ್ಟು. ಸೇಡು ತೀರೋವರೆಗೆ ಬಿಡಲ್ಲ.

ಎಚ್ಆರ್_ಹೈರಾಣ
ನಾಲ್ಕನೇದು ನಮ್ಮ ಮ್ಯಾನೇಜರ್.

ಕಾಫಿತೋಟ
ಮೂರನೇದು ನಮ್ಮ ದೊಡ್ಡಪ್ಪ. ಬೇಲಿ ಜಗಳಕ್ಕೆ ಮಾತು ಬಿಟ್ಟು ನನ್ನ ಮದುವೆಗೂ ಬರಲಿಲ್ಲ, ಉಡುಗೊರೆ ಮಾತ್ರ ಕಳಿಸಿದ್ರು.

ಉಷಾಕಾಲ
ಉಡುಗೊರೆ ಏನು?

ಕಾಫಿತೋಟ
ಬೇಲಿ ಸರ್ವೆ ನಕ್ಷೆ, ಫ್ರೇಮ್ ಹಾಕಿಸಿ.